ಉದ್ಯಮ ಮತ್ತು ಮಾನವ ಹಕ್ಕು: ಇದರಲ್ಲಿ ವೃತ್ತಿ ಕಟ್ಟಿಕೊಳ್ಳಬಹುದೇ?

ಪ್ರಶ್ನೆ: ನಾನು ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ನಮ್ಮೂರಿನ ಹಲವು ಹೆಣ್ಣುಮಕ್ಕಳು ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾರೆ. ಉದ್ಯಮಗಳು ಕಾರ್ಮಿಕರ ಹಕ್ಕುಗಳನ್ನು ಗೌರವಿಸುವಂತೆ ಮಾಡುವ ಕೆಲಸವನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆ ನನ್ನದು. ಆದರೆ, ಕಂಪನಿಗಳಿಗೆ ಎದುರು ನಿಂತರೆ ಸಂಬಳ ಕೊಡುವವರು ಯಾರು ಎಂದು ಮನೆಯಲ್ಲಿ ಕೇಳುತ್ತಾರೆ. ದಯವಿಟ್ಟು ತಿಳಿಸಿ.
– ಓದುಗರು, ಕೋಲಾರ

ಉತ್ತರ: ಈ ಕೆಲಸ ಕಂಪನಿಗಳ ಒಳಗೂ ಇದೆ ಎಂಬುದನ್ನು ಮನೆಯವರಿಗೆ ಮೊದಲು ತಿಳಿಸಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2011ರಲ್ಲಿ ಅನುಮೋದಿಸಿದ 31 ಮಾರ್ಗದರ್ಶಿ ತತ್ವಗಳ ಪ್ರಕಾರ ಹಕ್ಕುಗಳನ್ನು ರಕ್ಷಿಸುವುದು ಸರ್ಕಾರದ ಕರ್ತವ್ಯ, ಅವುಗಳನ್ನು ಗೌರವಿಸುವುದು ಉದ್ಯಮದ ಹೊಣೆ, ಮತ್ತು ತೊಂದರೆಗೆ ಒಳಗಾದವರಿಗೆ ಪರಿಹಾರ ಪಡೆಯುವ ದಾರಿ ತೆರೆದಿರಬೇಕು. ನಮ್ಮಲ್ಲಿ ಷೇರುಪೇಟೆಯ ಅತಿದೊಡ್ಡ 1,000 ಕಂಪನಿಗಳು ಈ ಬಗೆಯ ಹೊಣೆಗಾರಿಕೆಯ ವರದಿ ಸಲ್ಲಿಸುವುದನ್ನು ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2022–23ರಿಂದ ಕಡ್ಡಾಯಗೊಳಿಸಿದೆ. ವರದಿ ಬರೆಯುವವರು, ಕಾರ್ಖಾನೆಗಳನ್ನು ತಪಾಸಣೆ ಮಾಡುವವರು, ಹೊರಗಿನಿಂದ ಅದನ್ನೆಲ್ಲ ಪ್ರಶ್ನಿಸುವ ಕಾರ್ಮಿಕ ಸಂಘಟನೆಗಳವರು ಮತ್ತು ವಕೀಲರು, ಇವರೆಲ್ಲರೂ ಇದೇ ಕ್ಷೇತ್ರದವರು.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆಯಿದೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ತಯಾರಿಕಾ ಘಟಕದಲ್ಲಿ ಸಂಬಳದ ವಿಚಾರವಾಗಿ ಕಾರ್ಮಿಕರ ಸಿಟ್ಟು ಸ್ಫೋಟಗೊಂಡು ಯಂತ್ರಗಳು ಧ್ವಂಸವಾದವು, ಅನೇಕರ ಬಂಧನವಾಯಿತು. ಕೆಲವರಿಗೆ ಅಕ್ಟೋಬರ್ ಮತ್ತು ನವೆಂಬರ್ ಸಂಬಳ ತಡವಾಗಿದ್ದನ್ನು ತನಿಖೆಯ ನಂತರ ಆ್ಯಪಲ್ ಕಂಪನಿಯೇ ಒಪ್ಪಿಕೊಂಡು, ಲೋಪಗಳನ್ನು ಸರಿಪಡಿಸುವವರೆಗೆ ತನಗಾಗಿ ಆ ಘಟಕ ನಡೆಸುತ್ತಿದ್ದ ತಯಾರಕರಿಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಪ್ರಕಟಿಸಿತು. ಗುತ್ತಿಗೆ ಕಾರ್ಮಿಕರ ದೂರನ್ನು ಹೊತ್ತಿಗೆ ಸರಿಯಾಗಿ ಕೇಳಿಸಿಕೊಳ್ಳುವವರು ಒಬ್ಬರಿದ್ದಿದ್ದರೂ ಮಾತು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ.

ನೀವು ಆಗಬೇಕಾದದ್ದು ಅಂಥವರೇ. ಅದಕ್ಕೆ ಸಂಬಳದ ಚೀಟಿ ಓದುವುದರಿಂದ ಆರಂಭಿಸಿ. ಊರಿನ ಹೆಣ್ಣುಮಕ್ಕಳನ್ನು ಕೇಳಿ, ಅವರು ಒಪ್ಪಿದರೆ ಹಾಜರಾತಿಯ ಲೆಕ್ಕವನ್ನು ಚೀಟಿಯ ಪಕ್ಕದಲ್ಲಿಟ್ಟು ನೋಡಿ: ಓ.ಟಿ. (ಹೆಚ್ಚುವರಿ ದುಡಿಮೆ) ಗಂಟೆಗಳಿಗೆ ಕಾನೂನು ಹೇಳುವ ಎರಡುಪಟ್ಟು ದರ ಬಂದಿದೆಯೇ, ಕಡಿತಗೊಂಡ ಪಿ.ಎಫ್. (ಭವಿಷ್ಯ ನಿಧಿ) ಹಣ ಖಾತೆಗೆ ಜಮೆಯಾಗಿದೆಯೇ, ಇ.ಎಸ್.ಐ. (ಕಾರ್ಮಿಕರ ವಿಮೆ) ಕಾರ್ಡ್ ಕೈಸೇರಿದೆಯೇ. ಅವರ ಹೆಸರು ಮಾತ್ರ ಎಲ್ಲಿಯೂ ಹೊರಬರಬಾರದು. ಗುತ್ತಿಗೆದಾರನಿಗೆ ಸುಳಿವು ಸಿಕ್ಕರೆ ಮರುದಿನವೇ ಅವರ ಕೆಲಸ ಹೋಗಬಹುದು.

ತಪಾಸಣೆಯ ನೌಕರಿಗೆ ಹೆಚ್ಚು ಸಂಬಳವಿದ್ದರೂ ಮೊದಲ ಎರಡು ವರ್ಷ ಕಾರ್ಮಿಕರ ನಡುವೆಯೇ ಕೆಲಸ ಮಾಡಿ ಎಂಬುದು ನನ್ನ ಸಲಹೆ. ಸೂಪರ್‌ವೈಸರ್ ಕಣ್ಣಳತೆಯಲ್ಲಿದ್ದಾಗ ತಪಾಸಣೆಗೆ ಬಂದವರು ಕೇಳಿದರೆ ಯಾರೇ ಆಗಲಿ ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕೆಲಸ ಮುಗಿಸಿ ಊರಿಗೆ ಬಂದ ಮೇಲೆ, ಕನ್ನಡ ತೆಲುಗು ಬೆರೆತ ಅವರದೇ ಮಾತಿನಲ್ಲಿ ಕೇಳಬಲ್ಲ ನಿಮ್ಮಂಥವರಿಗೆ ನಿಜ ಹೇಳುತ್ತಾರೆ. ಇಂಗ್ಲಿಷ್ ವರದಿ ಬರೆಯುವುದನ್ನು ಆಮೇಲೂ ಕಲಿಯಬಹುದು. ಸಾಧ್ಯವಾದರೆ ಮೂರು ವರ್ಷದ ಎಲ್‌ಎಲ್.ಬಿ. ಮುಗಿಸಿಕೊಳ್ಳಿ.

ಸಂಘಟನೆಗಳಲ್ಲಿ ಆರಂಭದ ಸಂಬಳ ಕಡಿಮೆ, ಅನುದಾನ ನಿಂತರೆ ಹುದ್ದೆಯೂ ಉಳಿಯದು. ಇದನ್ನು ಮನೆಯಲ್ಲಿ ಮುಚ್ಚಿಡಬೇಡಿ. ಉಳಿದಿರುವ ಕ್ಷೇತ್ರಕಾರ್ಯವನ್ನು ಕಾರ್ಮಿಕ ಸಂಘಟನೆಯೊಂದರಲ್ಲಿ ಮಾಡಲು ಅನುಮತಿ ಕೊಡಿ ಎಂದು ವಿಭಾಗದ ಮುಖ್ಯಸ್ಥರನ್ನು ಈಗಲೇ ಕೇಳಿ.