ಅಕ್ವೇರಿಯಂ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ತೊಳೆಯಲೇಬೇಡಿ

ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆದರೂ ಗೋಲ್ಡ್‌ಫಿಶ್‌ಗಳು ಸಾಯುತ್ತಿವೆ, ಇನ್ನು ಮೂರು ದಿನಕ್ಕೊಮ್ಮೆ ತೊಳೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನೀವು ತೊಳೆಯುತ್ತಿರುವುದರಿಂದಲೇ ಅವು ಸಾಯುತ್ತಿವೆ. ನಮ್ಮ ಮನೆಯಲ್ಲೂ ಇದೇ ಆಗಿತ್ತು.

ನಮ್ಮದು ವಿರಾಜಪೇಟೆ ಕಡೆ, ಕಾಫಿ ತೋಟದ ನಡುವಿನ ಮನೆ. ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಬರುವ ಹೊತ್ತಿಗೆ ಗದ್ದೆಯ ನಾಟಿ ಮುಗಿದಿರುತ್ತದೆ, ಇಡೀ ಮಳೆಗಾಲದ ಬೂಷ್ಟು ಗೋಡೆ ಹತ್ತಿರುತ್ತದೆ. ಕೋವಿ, ಕತ್ತಿ, ಗುದ್ದಲಿಯಿಂದ ಹಿಡಿದು ಅಟ್ಟದ ಪಾತ್ರೆಯವರೆಗೆ ಎಲ್ಲವನ್ನೂ ಹೊರಗೆ ಹಾಕಿ ಶುಚಿ ಮಾಡುತ್ತೇವೆ. ಆ ವರ್ಷ ಜಗಲಿಯ ಅಕ್ವೇರಿಯಂ ಕೂಡ ನನ್ನ ಕಣ್ಣಿಗೆ ಬಿತ್ತು. ಗಾಜಿನ ಮೇಲೆ ಪಾಚಿ, ಫಿಲ್ಟರಿನ ಸ್ಪಂಜಿನಲ್ಲಿ ಕಂದು ಲೋಳೆ. "ಮೀನು ಚೆನ್ನಾಗಿಯೇ ಇವೆಯಲ್ಲ, ಅದಕ್ಕೇಕೆ ಕೈ ಹಾಕುತ್ತೀಯ?" ಎಂದು ಅವ್ವ ಕೇಳಿದರೂ ನಾನು ಕೇಳಲಿಲ್ಲ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರೆಲ್ಲ ಚೆಲ್ಲಿ, ಕಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದು, ಸ್ಪಂಜನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಅದರ ಮೂಲ ಬಣ್ಣ ಕಾಣುವವರೆಗೆ ಹಿಂಡಿದೆ. ಬಾವಿಯ ನೀರು ತುಂಬಿಸಿದಾಗ ಗಾಜು ಫಳಫಳ ಹೊಳೆಯುತ್ತಿತ್ತು.

ಹಬ್ಬಕ್ಕೆ ಬಂದ ನೆಂಟರ ಮಕ್ಕಳು ಮೀನಿಗೆ ಧಾರಾಳವಾಗಿ ಆಹಾರ ಹಾಕಿದರು. ಅವರೆಲ್ಲ ಹೊರಡುವ ಹೊತ್ತಿಗೆ ನೀರು ಅಕ್ಕಿ ತೊಳೆದ ನೀರಿನಂತೆ ಬಿಳಿಚಿಕೊಂಡಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಾ ಮುಚ್ಚುತ್ತಾ ಒದ್ದಾಡುತ್ತಿದ್ದವು. ಕೊಳೆ ಇನ್ನೂ ಉಳಿದಿದೆ ಎಂದುಕೊಂಡು ಮತ್ತೊಮ್ಮೆ ಎಲ್ಲವನ್ನೂ ಖಾಲಿ ಮಾಡಿ ತೊಳೆದೆ. ಒಂದೇ ಒಂದು ಮೀನು ಉಳಿಯಿತು. ಕೆಲವು ದಿನಗಳ ಮೇಲೆ ಅದರ ಬಾಯಿಯ ಸುತ್ತ, ರೆಕ್ಕೆಯ ಅಂಚಿನಲ್ಲಿ ಕಪ್ಪು ಕಲೆಗಳೆದ್ದವು. ಅಮೋನಿಯಾದಿಂದ ಸುಟ್ಟ ಚರ್ಮ ಮಾಯುವಾಗ ಗೋಲ್ಡ್‌ಫಿಶ್‌ಗೆ ಹೀಗೆ ಕಪ್ಪಾಗುತ್ತದೆ.

ಎಲ್ಲಿ ತಪ್ಪಾಯಿತು ಎಂಬುದನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾವನ್ನು ಹೊರಹಾಕುತ್ತಿರುತ್ತದೆ. ಮಿಕ್ಕ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಬಣ್ಣವಿಲ್ಲದ ವಿಷ ಅದು, ತಿಳಿ ನೀರಿನಲ್ಲೂ ಇರಬಹುದು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಬದಲಾಯಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ, ಅದರಿಂದ ಅಪಾಯ ಬಹಳ ಕಡಿಮೆ. ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ಸ್ಪಂಜು ಮತ್ತು ಕಲ್ಲುಗಳಿಗೆ ಅಂಟಿಕೊಂಡು. ನಾನು ಸೋಪು ಹಾಕಿ ತೆಗೆದ ಕಂದು ಲೋಳೆಯಲ್ಲಿ ಇದ್ದದ್ದು ಅವೇ. ಅವು ಮತ್ತೆ ಬೆಳೆದು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ನೀವು ಪ್ರತಿ ಭಾನುವಾರ ಅವುಗಳನ್ನು ಬುಡಸಹಿತ ಕಿತ್ತು ಹಾಕುತ್ತಿದ್ದೀರಿ.

ಹಾಗಾಗಿ ತೊಳೆಯುವ ಲೆಕ್ಕ ಬಿಟ್ಟು ನೀರು ಬದಲಿಸುವ ಲೆಕ್ಕ ಹಿಡಿಯಿರಿ. ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಪಾಲು ನೀರನ್ನು ಪೈಪಿನಿಂದ, ಕಲ್ಲಿನ ಸಂದಿಯ ಹಿಕ್ಕೆಯ ಸಮೇತ ಎಳೆದು ತೆಗೆಯಿರಿ. ಮೀನುಗಳು ಒಳಗೇ ಇರಲಿ. ಫಿಲ್ಟರಿನ ಹರಿವು ಮಂದವಾದಾಗ ಮಾತ್ರ ಸ್ಪಂಜನ್ನು ಹೀಗೆ ತೆಗೆದ ನೀರಿನಲ್ಲೇ ಒಂದೆರಡು ಸಲ ಹಿಂಡಿ, ಹಾಗೆಯೇ ಹಿಂದಕ್ಕೆ ಇಡಿ. ಪಾಚಿಯನ್ನು ಮುಂದಿನ ಗಾಜಿನಿಂದಷ್ಟೇ ಒರೆಸಿದರೆ ಸಾಕು. ಸೋಪು ಹತ್ತಿರವೂ ಸುಳಿಯಬಾರದು.

ನೀವು ಮಡಿಕೇರಿಯ ನಲ್ಲಿ ನೀರು ಬಳಸುವುದಾಗಿ ಬರೆದಿದ್ದೀರಿ. ಕ್ಲೋರಿನ್ ಹಾಕಿದ ನೀರನ್ನು ನೇರವಾಗಿ ಸುರಿದರೆ ಮೀನಿನ ಕಿವಿರೂ ಕೆಡುತ್ತದೆ, ಬ್ಯಾಕ್ಟೀರಿಯಾವೂ ಸಾಯುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಹನಿ ಹಾಕಿ. ತೆರೆದಿಟ್ಟ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗೂ ಆಗಿರುತ್ತದೆ. ನಮ್ಮ ಮಳೆಗಾಲದ ಚಳಿಯಲ್ಲಿ ಅದು ಮುಖ್ಯ.

ಬಕೆಟ್ಟಿನ ಬಗ್ಗೆ ಒಂದು ಮಾತು, ತೋಟವಿರುವ ಮನೆಯವರಿಗೆಲ್ಲ. ಕಾಫಿಗೆ, ಕರಿಮೆಣಸಿಗೆ ಬೋರ್ಡೋ ದ್ರಾವಣ ಕಲಸಿದ ಬಕೆಟ್ಟನ್ನು ಮೀನಿನ ನೀರಿಗೆ ಎಂದೂ ತರಬೇಡಿ. ಅದರಲ್ಲಿರುವ ಮೈಲುತುತ್ತ ತಾಮ್ರದ ಲವಣ, ಅಲ್ಪಸ್ವಲ್ಪವೂ ಮೀನಿಗೆ ಮಾರಕ.

ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಮುಚ್ಚಿದ ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾ ಗಾಳಿಯಿಲ್ಲದೆ ಸಾಯತೊಡಗುತ್ತದೆ. ಕರೆಂಟ್ ಬೇಗ ಬರುವಂತಿಲ್ಲದಿದ್ದರೆ ಸ್ಪಂಜನ್ನು ಹೊರತೆಗೆದು ತೊಟ್ಟಿಯ ನೀರಿನಲ್ಲೇ ಬಿಡಿ. ಬ್ಯಾಟರಿಯ ಏರ್ ಪಂಪ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಕೊಡಗಿನಲ್ಲಿ ಮೀನು ಸಾಕುವವರಿಗೆ ಅದು ಹೀಟರಿಗಿಂತ ಅಗತ್ಯ, ಗೋಲ್ಡ್‌ಫಿಶ್‌ಗೆ ಹೀಟರ್ ಬೇಕಾಗಿಯೂ ಇಲ್ಲ.

ಹಾಗೆಂದು ತಿಂಗಳುಗಟ್ಟಲೆ ಮುಟ್ಟದೆ ಬಿಡುವವರೂ ಇದ್ದಾರೆ, ಅದೂ ಸರಿಯಲ್ಲ. ನೈಟ್ರೇಟ್ ಸೇರುತ್ತಾ ಹೋಗುತ್ತದೆ, ನೀರು ಹುಳಿಯಾಗುತ್ತದೆ. ಹುಳಿ ನೀರಿನಲ್ಲಿ ಅಮೋನಿಯಾದ ವಿಷ ಅಡಗಿಕೊಂಡಿರುತ್ತದೆ. ಒಂದು ದಿನ ಹುರುಪಿನಿಂದ ಮುಕ್ಕಾಲು ಪಾಲು ಹೊಸ ನೀರು ಸುರಿದರೆ ಹುಳಿ ಇಳಿದು ಅದೇ ವಿಷ ತಲೆಯೆತ್ತುತ್ತದೆ.

ನಿಮ್ಮಲ್ಲಿ ಇನ್ನೂ ಎರಡು ಮೀನು ಉಳಿದಿವೆ ಎಂದಿದ್ದೀರಿ. ಇವತ್ತು, ನಾಳೆ ಆಹಾರ ಹಾಕಬೇಡಿ, ಅವು ಹಸಿವಿನಿಂದ ಸಾಯುವುದಿಲ್ಲ. ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಮುಂದಿನ ಕೆಲವು ವಾರ ದಿನವೂ ನಾಲ್ಕನೇ ಒಂದು ಪಾಲು ನೀರು ಬದಲಿಸಿ, ಸ್ಪಂಜನ್ನು ಮುಟ್ಟಬೇಡಿ. ಪರಿಚಯದವರಲ್ಲಿ ಆರೋಗ್ಯವಾಗಿರುವ ಹಳೆಯ ತೊಟ್ಟಿಯಿದ್ದರೆ ಅದರ ಫಿಲ್ಟರಿನ ಒಂದು ತುಂಡು ಕೊಳಕು ಸ್ಪಂಜನ್ನು ಕೇಳಿ ತಂದು ನಿಮ್ಮದರ ಪಕ್ಕದಲ್ಲಿಡಿ. ದಾರಿಯಲ್ಲಿ ಒಣಗದಂತೆ ಆ ತೊಟ್ಟಿಯ ನೀರಿನಲ್ಲೇ ಮುಳುಗಿಸಿಕೊಂಡು ತನ್ನಿ.