ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ಸ್ಟಾರ್ ಟ್ರೆಕ್‌ನಲ್ಲಿ ಯಾರೂ ಮೆಚ್ಚದ ಕಂತುಗಳನ್ನು ಆನಂದಿಸುವುದು ಹೇಗೆ?

ಪ್ರಸಂಗವನ್ನು ಬಿಟ್ಟು ಪಾತ್ರವನ್ನು ನೋಡಿ. 1968ರ ‘ಸ್ಪಾಕ್ಸ್ ಬ್ರೇನ್’ ಕಂತನ್ನು ಅಭಿಮಾನಿಗಳೇ ತೀರಾ ಕಳಪೆ ಎನ್ನುತ್ತಾರೆ. ಬಾಹ್ಯಾಕಾಶ ನೌಕೆಯ ಅಧಿಕಾರಿ ಸ್ಪಾಕ್‌ನ ಮಿದುಳನ್ನು ಕದ್ದೊಯ್ದು, ನೆಲದಡಿಯ ಒಂದು ನಾಗರಿಕತೆಯನ್ನು ನಡೆಸಲು ಬಳಸುತ್ತಾರೆ. ಕಥೆ ಜಾಳು, ನಿಜ. ಆದರೆ ಮಿದುಳನ್ನು ಮರಳಿ ಜೋಡಿಸುತ್ತಿರುವ ನೌಕೆಯ ವೈದ್ಯ ಮೆಕಾಯ್‌ಗೆ ದಿಕ್ಕು ತೋಚದಾದಾಗ, ಮಲಗಿದ್ದ ಸ್ಪಾಕ್ ತಾನೇ ಮಾತನಾಡಿ ಶಸ್ತ್ರಚಿಕಿತ್ಸೆಗೆ ದಾರಿ ತೋರಿಸುತ್ತಾನೆ. ಅದನ್ನು ಆ ನಟರು ಎಷ್ಟು ಶ್ರದ್ಧೆಯಿಂದ ಅಭಿನಯಿಸಿದ್ದಾರೆ!

ಕುಂಬಳೆ ಸೀಮೆಯಲ್ಲಿ ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಹೊಸತಲ್ಲ. ಪ್ರಸಂಗ ಸಪ್ಪೆಯಾದರೂ ಒಬ್ಬ ವೇಷಧಾರಿಯ ಮಾತಿಗಾಗಿ, ಭಾಗವತರ ಒಂದು ಪದಕ್ಕಾಗಿ ಬೆಳಗಿನವರೆಗೆ ಕುಳಿತವರು ನಾವು. ‘ಕಳಪೆ ಕಂತು’ಗಳ ಪಟ್ಟಿಯನ್ನು ಮೊದಲೇ ಓದಬೇಡಿ. ಈ ಕಂತಿನಲ್ಲಿ ಮೆಕಾಯ್‌ನ ಬೆನ್ನು ಹಿಡಿಯಿರಿ.