ಕೌದಿ ಹೊಲಿಯುವವರು ಪತ್ತೇದಾರಿ ಕಾದಂಬರಿ ಬರೆಯಬಹುದಾ?

ಪ್ರಶ್ನೆ: ಮೇಡಂ, ನನಗೀಗ 54 ವರ್ಷ. ಮದುವೆಯಾದಾಗಿನಿಂದ ಕೌದಿ ಹೊಲಿಯುತ್ತಿದ್ದೇನೆ. ಪತ್ತೇದಾರಿ ಕಾದಂಬರಿ ಅಂದ್ರೆ ಪ್ರಾಣ. ನೀವು ಕೌದಿಯಿಂದಲೇ ಕಾದಂಬರಿಗೆ ಬಂದವರು ಅಂತ ಓದಿದೆ. ನನಗೂ ಒಂದು ಬರೆಯುವ ಆಸೆ. ಆದರೆ ಪೊಲೀಸು, ಕೋರ್ಟು ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಗದಗ

ಉತ್ತರ: ಅಕ್ಕಾ, ಕೌದಿಯಿಂದಲೇ ಶುರು ಮಾಡಿ. ನಾನು ಮಾಡಿದ್ದೂ ಅದನ್ನೇ.

ಒಂದು ವರ್ಷ ಮಹಾನವಮಿಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತಿದ್ದೆವು. ಅವ್ವನ ಹಳೇ ಕೌದಿಯ ಮೂಲೆಯಲ್ಲಿ ಹೊಲಿಗೆ ಬಿಚ್ಚಿತ್ತು. ಮೇಲಿನ ಇಳಕಲ್ ಸೀರೆಯ ತುಂಡಿನ ಕೆಳಗೆ ಖಾಕಿ ಬಟ್ಟೆ. ಗುಂಡಿಯ ಕಾಜಾ ಕೂಡ ಹಾಗೇ ಇತ್ತು. ನಮ್ಮ ಮನೆಯಲ್ಲಿ ಖಾಕಿ ತೊಟ್ಟವರೇ ಇಲ್ಲ. ‘ಯಾರದವ್ವಾ ಇದು?’ ಅಂದೆ. ಅವ್ವ ನನ್ನ ಕೈಯಿಂದ ಕೌದಿ ಕಸಿದುಕೊಂಡು ನೀರಿಗೆ ಅದ್ದಿದಳು. ಸಾಯೋವರೆಗೂ ಹೇಳಲಿಲ್ಲ. ಆ ಖಾಕಿ ತುಂಡಿಗೆ ನಾನೇ ಕಟ್ಟಿಕೊಂಡ ಉತ್ತರವೇ ನನ್ನ ಮೊದಲ ಕಾದಂಬರಿ.

ಪೊಲೀಸು ಗೊತ್ತಿಲ್ಲ ಅಂದಿರಲ್ಲ, ಅದಕ್ಕೆ ಹೆದರಬೇಡಿ. ಸುಸಾನ್ ಗ್ಲಾಸ್ಪೆಲ್ ಅಂತ ಅಮೆರಿಕದ ಲೇಖಕಿ ಇದ್ದರು. 1900ರ ಡಿಸೆಂಬರ್‌ನಲ್ಲಿ ಅಯೋವಾದಲ್ಲಿ ಒಬ್ಬ ರೈತನ ಕೊಲೆಯಾಯಿತು. ಆರೋಪ ಬಿದ್ದದ್ದು ಹೆಂಡತಿಯ ಮೇಲೆ. ಆ ಕೇಸನ್ನು ಪತ್ರಿಕೆಗೆ ವರದಿ ಮಾಡಿದವರು ಇವರೇ. 1916ರಲ್ಲಿ ಅದರಿಂದಲೇ ‘ಟ್ರೈಫಲ್ಸ್’ ಎಂಬ ಪುಟ್ಟ ನಾಟಕ ಬರೆದರು. ಟ್ರೈಫಲ್ಸ್ ಅಂದ್ರೆ ಚಿಲ್ಲರೆ ಸಂಗತಿಗಳು. ನಾಟಕದಲ್ಲಿ ಗಂಡಸರು ಮಹಡಿ, ಕೊಟ್ಟಿಗೆ ಎಲ್ಲ ತಡಕಾಡುತ್ತಾರೆ. ಅಡುಗೆಮನೆಯಲ್ಲಿ ಕೂತ ಇಬ್ಬರು ಹೆಂಗಸರ ಕಣ್ಣಿಗೆ ಅರ್ಧಕ್ಕೆ ಬಿಟ್ಟ ಕೌದಿ ಬೀಳುತ್ತದೆ. ಎಲ್ಲ ತುಂಡುಗಳ ಹೊಲಿಗೆಯೂ ನೀಟು. ಒಂದರದ್ದು ಮಾತ್ರ ಅಡ್ಡಾದಿಡ್ಡಿ. ಆ ಮನೆಯಾಕೆಯ ಮನಸ್ಸು ಕದಡಿತ್ತು ಅಂತ ಇಬ್ಬರಿಗೂ ಹೊಳೆಯುತ್ತದೆ. ಒಬ್ಬಾಕೆ ಮಾತಿಲ್ಲದೆ ಆ ಹೊಲಿಗೆ ಬಿಚ್ಚಿ ಸರಿ ಮಾಡತೊಡಗುತ್ತಾಳೆ. ಆ ಜಾಗಕ್ಕೆ ಬಂದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅಂಥ ಕಣ್ಣು ನಿಮಗೆ ಈಗಾಗಲೇ ಇದೆ, ಅಲ್ವಾ?

ಇನ್ನು ಕಥೆ ಕಟ್ಟುವ ಬಗೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಮೂಲೆಯಿಂದ ಶುರು ಮಾಡಿ, ಅಂಚಿನಗುಂಟ ಸುತ್ತು ಬರುತ್ತಾ ಒಳಗೊಳಗೆ ಹೋಗುತ್ತಾರೆ. ಕೊನೆಯ ಹೊಲಿಗೆ ನಟ್ಟನಡುವೆ ಬೀಳುತ್ತದೆ. ನಾನು ಬರೆಯುವುದೂ ಹಾಗೇ. ಕೊಲೆಗಾರ ಯಾರು ಅನ್ನುವುದು ನಡುವಿನ ಜಾಗ. ಅಲ್ಲಿಗೆ ಅವಸರ ಮಾಡಬೇಡಿ. ಸುಳಿವನ್ನು ಒಳಪದರದಲ್ಲಿ ಮುಚ್ಚಿಡಬೇಡಿ, ಮೇಲೇ ಇಡಿ. ಪಕ್ಕದಲ್ಲಿ ಅದಕ್ಕಿಂತ ಜಾಸ್ತಿ ಕೆಂಪಿನ ತುಂಡು ಹಚ್ಚಿ. ಓದುವವರ ಕಣ್ಣು ಕೆಂಪಿನ ಕಡೆ ಹೋಗುತ್ತದೆ. ಕೊನೆಗೆ ‘ಅಯ್ಯೋ, ಇದು ಇಲ್ಲೇ ಇತ್ತಲ್ಲ!’ ಅನ್ನಬೇಕು. ಒಮ್ಮೆ ನಾನು ಸುಳಿವನ್ನೇ ಕೊಡದೆ ಕಥೆ ಮುಗಿಸಿದ್ದೆ. ಓದಿದ ಗೆಳತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದೇ.

ಎಫ್‌ಐಆರ್, ಪಂಚನಾಮೆ ಎಲ್ಲ ಆಮೇಲೆ ನಿವೃತ್ತ ಪೊಲೀಸರೊಬ್ಬರನ್ನು ಕೇಳಿ ತಿಳಿದುಕೊಳ್ಳಬಹುದು. ಇವತ್ತು ಮಧ್ಯಾಹ್ನ ನಿಮ್ಮ ಚಿಂದಿ ಗಂಟು ಬಿಚ್ಚಿ. ಯಾರದೆಂದು ಗೊತ್ತಿಲ್ಲದ ಒಂದು ತುಂಡು ಇದ್ದೇ ಇರುತ್ತದೆ. ಅದು ನಿಮ್ಮ ಮನೆಗೆ ಹೇಗೆ ಬಂತು ಅಂತ ಎರಡು ಪುಟ ಬರೆದು ನನಗೆ ಕಳಿಸಿ.